ಭಯೋತ್ಪಾದನೆ ನಿಗ್ರಹ ನೀತಿಯ ಮೇಲೆ ಸಂಸತ್ತಿನ ಕಣ್ಣು: ನಾಗರಿಕರು ಅದನ್ನು ಹಿಂಬಾಲಿಸುವ ಬಗೆ

ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರಂದು ಬಾಂಬ್ ಸ್ಫೋಟಿಸಿದಾಗ ತನಿಖೆಯನ್ನು ಮೊದಲು ಕೈಗೆತ್ತಿಕೊಂಡವರು ನಗರದ ಪೊಲೀಸರು. ಕೆಲವೇ ದಿನಗಳಲ್ಲಿ ಕೇಂದ್ರ ಗೃಹ ಸಚಿವಾಲಯದ ಆದೇಶದಂತೆ ಆ ಪ್ರಕರಣ ರಾಷ್ಟ್ರೀಯ ತನಿಖಾ ಸಂಸ್ಥೆಗೆ, ಅಂದರೆ ಎನ್‌ಐಎಗೆ ಹೋಯಿತು. ಕಡತದ ಜೊತೆಗೆ ಉತ್ತರದಾಯಿತ್ವದ ಜಾಗವೂ ಬದಲಾಯಿತು. ರಾಜ್ಯ ಪೊಲೀಸರ ಕೆಲಸದ ಬಗ್ಗೆ ನಮ್ಮ ವಿಧಾನಸಭೆಯಲ್ಲಿ ರಾಜ್ಯದ ಗೃಹ ಸಚಿವರನ್ನು ಕೇಳಬಹುದು. ಎನ್‌ಐಎ ಬಗ್ಗೆ ಉತ್ತರ ಕೊಡಬೇಕಾದವರು ಕೇಂದ್ರ ಗೃಹ ಸಚಿವರು, ಕೊಡಬೇಕಾದ ಜಾಗ ಸಂಸತ್ತು. ಆದ್ದರಿಂದ ಇಂತಹ ಕಾನೂನುಗಳು ಹೇಗೆ ಬಳಕೆಯಾಗುತ್ತಿವೆ ಎಂದು ತಿಳಿಯಬಯಸುವ ಕನ್ನಡಿಗರು ಸಂಸತ್ತಿನ ಕಾಗದಪತ್ರಗಳನ್ನು ಓದುವುದನ್ನು ಕಲಿಯಲೇಬೇಕಾಗುತ್ತದೆ. ದೂರದರ್ಶನದಲ್ಲಿ ಕಾಣುವ ಗದ್ದಲವನ್ನು ನೋಡಿ ಅಲ್ಲಿ ಯಾವ ಪರಿಶೀಲನೆಯೂ ನಡೆಯುವುದಿಲ್ಲ ಎಂದುಕೊಳ್ಳುವುದು ತಪ್ಪು. ಪರಿಶೀಲನೆ ನಡೆಯುತ್ತದೆ. ಆದರೆ ಅದರ ಹೆಚ್ಚಿನ ಪಾಲು ಲಿಖಿತ ಉತ್ತರಗಳಲ್ಲಿ, ಸಮಿತಿಗಳ ವರದಿಗಳಲ್ಲಿ, ಮಸೂದೆಯ ಎರಡು ಕರಡುಗಳ ನಡುವಿನ ವ್ಯತ್ಯಾಸಗಳಲ್ಲಿ ಇರುತ್ತದೆ.

ಓದಲು ಕೂರುವ ಮುನ್ನ ಒಂದು ಹಿನ್ನೆಲೆ ಗೊತ್ತಿರಬೇಕು. 1985ರಲ್ಲಿ ಬಂದು 1987ರಲ್ಲಿ ಮರುರೂಪ ಪಡೆದ ಟಾಡಾ ಕಾಯ್ದೆಗೆ, ಅಂದರೆ ಭಯೋತ್ಪಾದಕ ಮತ್ತು ವಿಧ್ವಂಸಕ ಚಟುವಟಿಕೆಗಳ ತಡೆ ಕಾಯ್ದೆಗೆ, ಆಯುಸ್ಸು ನಿಗದಿಯಾಗಿತ್ತು. ಎರಡು ವರ್ಷಕ್ಕೊಮ್ಮೆ ಸಂಸತ್ತು ಅದನ್ನು ಮುಂದುವರಿಸಬೇಕಾಗಿತ್ತು, 1989, 1991 ಮತ್ತು 1993ರಲ್ಲಿ ಮುಂದುವರಿಸಿತು ಕೂಡ. 1995ರ ಮೇ ತಿಂಗಳಲ್ಲಿ ಮತ್ತೆ ಆ ಗಡುವು ಬರುವ ಹೊತ್ತಿಗೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಂದಿನ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರು ಕಾಯ್ದೆಯನ್ನು ನವೀಕರಿಸಬೇಡಿ ಎಂದು ಫೆಬ್ರುವರಿಯಲ್ಲಿ ಸಂಸದರಿಗೆಲ್ಲ ಪತ್ರ ಬರೆದರು. ಕಾಯ್ದೆ ನವೀಕರಣಗೊಳ್ಳದೆ ಕೊನೆಗೊಂಡಿತು. 2002ರಲ್ಲಿ ಬಂದ ಪೋಟಾ ಕಾಯ್ದೆಗೂ, ಅಂದರೆ ಭಯೋತ್ಪಾದನೆ ತಡೆ ಕಾಯ್ದೆಗೂ, ಮೂರು ವರ್ಷಗಳ ಮಿತಿಯಿತ್ತು. ಆದರೆ 2004ರಲ್ಲಿ ಪೋಟಾ ರದ್ದಾದಾಗ ಅದರ ಹಲವು ಕಲಮುಗಳು 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ, ನಾವೆಲ್ಲ ಯುಎಪಿಎ ಎಂದು ಕರೆಯುವ ಕಾಯ್ದೆಗೆ, ತಿದ್ದುಪಡಿಯ ಮೂಲಕ ಸೇರಿಕೊಂಡವು. ಯುಎಪಿಎಗೆ ಕೊನೆಯ ದಿನಾಂಕವೆಂಬುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಗಡುವು ಇದ್ದಾಗ ಸರ್ಕಾರವೇ ಸದನದ ಮುಂದೆ ಬಂದು ಈ ಕಾನೂನು ಇನ್ನೂ ಏಕೆ ಬೇಕು ಎಂದು ವಿವರಿಸಬೇಕಾಗುತ್ತಿತ್ತು. ಗಡುವು ಇಲ್ಲದ ಮೇಲೆ ಆ ವಿವರಣೆಯನ್ನು ಯಾರಾದರೂ ಕೇಳಿ ಪಡೆಯಬೇಕು. ಕೇಳುವ ದಾರಿಗಳು ಯಾವುವು, ಸಿಕ್ಕ ಉತ್ತರವನ್ನು ತೂಗುವುದು ಹೇಗೆ ಎಂಬುದನ್ನು ತಿಳಿಸಲು ಈ ಬರಹ.

ಒಂದೇ ಕಲಮಿನಿಂದ ಆರಂಭಿಸಿ

ಇಡೀ ಭಯೋತ್ಪಾದನೆ ನಿಗ್ರಹ ನೀತಿಯನ್ನು ಒಮ್ಮೆಲೇ ಅರ್ಥ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡನೇ ವಾರದಲ್ಲಿ ಕೈಚೆಲ್ಲುತ್ತಾರೆ. ಒಂದು ಕಲಮನ್ನು ಆರಿಸಿಕೊಂಡು ಅದರ ಜಾಡನ್ನು ಮಾತ್ರ ಹಿಡಿಯಿರಿ. ಉದಾಹರಣೆಗೆ ಯುಎಪಿಎಯ 43ಡಿ ಕಲಮು. ಆರೋಪಪಟ್ಟಿ ಸಲ್ಲಿಸಲು ಇರುವ 90 ದಿನಗಳ ಅವಧಿಯನ್ನು ನ್ಯಾಯಾಲಯದ ಒಪ್ಪಿಗೆಯಿಂದ 180 ದಿನಗಳವರೆಗೆ ವಿಸ್ತರಿಸಲು ಇದು ಅವಕಾಶ ಕೊಡುತ್ತದೆ. ಆರೋಪವು ಮೇಲ್ನೋಟಕ್ಕೆ ನಿಜವೆಂದು ನಂಬಲು ಆಧಾರವಿದೆ ಎಂದು ನ್ಯಾಯಾಲಯಕ್ಕೆ ಅನಿಸಿದರೆ ಜಾಮೀನು ನೀಡುವಂತಿಲ್ಲ ಎಂದೂ ಹೇಳುತ್ತದೆ. ಇದು ಕಾಯ್ದೆಯೊಳಗೆ ಬಂದದ್ದು 2008ರ ತಿದ್ದುಪಡಿಯಿಂದ. ಆ ವರ್ಷದ ನವೆಂಬರ್ 26ರ ಮುಂಬೈ ದಾಳಿಯ ನಂತರ, ಎನ್‌ಐಎ ಸ್ಥಾಪಿಸುವ ಮಸೂದೆಯ ಜೊತೆಗೆ ಈ ತಿದ್ದುಪಡಿಯನ್ನೂ ಡಿಸೆಂಬರ್ 16ರಂದು ಮಂಡಿಸಲಾಯಿತು. 17ರಂದು ಲೋಕಸಭೆ, 18ರಂದು ರಾಜ್ಯಸಭೆ ಅಂಗೀಕರಿಸಿದವು. ಯಾವ ಸಮಿತಿಗೂ ಅವು ಹೋಗಲಿಲ್ಲ.

ಒಂದು ಮಸೂದೆಗೆ ಸಂಸತ್ತು ಎಷ್ಟು ಗಮನ ಕೊಟ್ಟಿತು ಎಂದು ಅಳೆಯಲು ಮಂಡನೆಯ ದಿನಾಂಕ, ಎರಡೂ ಸದನಗಳು ಅಂಗೀಕರಿಸಿದ ದಿನಾಂಕಗಳು, ನಡುವೆ ಸಮಿತಿಯ ವರದಿ ಇದೆಯೇ ಎಂಬ ಮಾಹಿತಿ, ಇಷ್ಟನ್ನು ಮೊದಲು ಬರೆದಿಟ್ಟುಕೊಳ್ಳಿ. ಯುಎಪಿಎಯ ಮುಂದಿನ ತಿದ್ದುಪಡಿ 2011ರ ಡಿಸೆಂಬರ್‌ನಲ್ಲಿ ಮಂಡನೆಯಾಗಿ, ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯ ಪರಿಶೀಲನೆಗೆ ಹೋಗಿ, 2012ರ ಕೊನೆಯಲ್ಲಷ್ಟೇ ಅಂಗೀಕಾರವಾಯಿತು. ಸಂಘಟನೆಯೊಂದನ್ನು ಕಾನೂನುಬಾಹಿರವೆಂದು ಘೋಷಿಸುವ ಅವಧಿ ಎರಡರಿಂದ ಐದು ವರ್ಷಕ್ಕೆ ಏರಿದ್ದು ಆಗ. ಮುಂದೆ 2019ರಲ್ಲಿ, ಸಂಘಟನೆಗಳನ್ನಷ್ಟೇ ಅಲ್ಲದೆ ವ್ಯಕ್ತಿಗಳನ್ನೂ ಭಯೋತ್ಪಾದಕರೆಂದು ಸರ್ಕಾರವೇ ಘೋಷಿಸಬಹುದೆಂಬ ತಿದ್ದುಪಡಿ ಬಂತು. ಅದು ಜುಲೈ 8ರಂದು ಮಂಡನೆಯಾಗಿ, ಜುಲೈ 24ರಂದು ಲೋಕಸಭೆಯಲ್ಲಿ 287-8 ಮತಗಳಿಂದ, ಆಗಸ್ಟ್ 2ರಂದು ರಾಜ್ಯಸಭೆಯಲ್ಲಿ 147-42 ಮತಗಳಿಂದ ಅಂಗೀಕಾರವಾಯಿತು. ಆಯ್ಕೆ ಸಮಿತಿಗೆ ಕಳುಹಿಸಬೇಕೆಂಬ ಸೂಚನೆಯನ್ನು ರಾಜ್ಯಸಭೆ ಮತಕ್ಕೆ ಹಾಕಿ ತಿರಸ್ಕರಿಸಿತು. ವಿಭಜನಾ ಮತದಾನ ನಡೆದಿದ್ದರೆ ಯಾವ ಸದಸ್ಯರು ಯಾವ ಕಡೆ ಮತ ಹಾಕಿದರು ಎಂಬ ಪಟ್ಟಿ ಆ ದಿನದ ಕಲಾಪದ ದಾಖಲೆಯಲ್ಲಿ ಸಿಗುತ್ತದೆ. ನಮ್ಮ ರಾಜ್ಯದ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರಲ್ಲಿ ಯಾರ ಹೆಸರು ಎಲ್ಲಿದೆ ಎಂದು ಹುಡುಕುವುದರಿಂದ ಓದು ನಿಮ್ಮ ಊರಿಗೆ ಹತ್ತಿರವಾಗುತ್ತದೆ. ಧ್ವನಿಮತದಿಂದ ಅಂಗೀಕಾರವಾಗಿದ್ದರೆ ಅಂತಹ ಪಟ್ಟಿ ಇರುವುದಿಲ್ಲ.

ಎರಡು ಸದನಗಳೂ ಒಂದೇ ದನಿಯಲ್ಲಿ ಮಾತಾಡಬೇಕೆಂದಿಲ್ಲ ಎಂಬುದಕ್ಕೆ ಪೋಟಾ ಸಾಕ್ಷಿ. 2001ರಲ್ಲಿ ಎರಡು ಬಾರಿ ಸುಗ್ರೀವಾಜ್ಞೆಯಾಗಿ ಬಂದ ಅದನ್ನು ಮಸೂದೆಯಾಗಿ ತಂದಾಗ ಲೋಕಸಭೆ ಒಪ್ಪಿತು, ರಾಜ್ಯಸಭೆ 2002ರ ಮಾರ್ಚ್ 21ರಂದು ತಳ್ಳಿಹಾಕಿತು. ಸರ್ಕಾರ ಮಾರ್ಚ್ 26ರಂದು ಜಂಟಿ ಅಧಿವೇಶನ ಕರೆದು 425-296 ಮತಗಳಿಂದ ಅಂಗೀಕಾರ ಪಡೆಯಿತು. ಸಂಸತ್ತಿನ ಇತಿಹಾಸದಲ್ಲಿ ಮಸೂದೆಯೊಂದಕ್ಕಾಗಿ ಕರೆದ ಮೂರನೇ ಜಂಟಿ ಅಧಿವೇಶನ ಅದು. ಆ ಚರ್ಚೆಯ ಪೂರ್ಣ ಪಾಠ ಇಂದಿಗೂ ಓದಲು ಸಿಗುತ್ತದೆ, ಓದಲು ತಕ್ಕದ್ದೂ ಹೌದು. ದುರ್ಬಳಕೆಯ ಭಯ, ರಾಜ್ಯಗಳ ಅಧಿಕಾರ, 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆಯೇ ನಡೆದ ದಾಳಿ ಇವೆಲ್ಲ ಒಂದೇ ದಿನದ ಮಾತಿನಲ್ಲಿ ಎದುರುಬದುರಾಗಿದ್ದವು.

ಕರಡುಗಳನ್ನು ಅಕ್ಕಪಕ್ಕ ಇಟ್ಟು ಓದಿ

ಸಮಿತಿಯ ಹಂತ ದಾಟಿ ಬಂದ ಮಸೂದೆಗಳಲ್ಲಿ ಮೊದಲ ಕರಡನ್ನೂ ಕೊನೆಯ ಕರಡನ್ನೂ ಎದುರಿಗಿಟ್ಟುಕೊಂಡು ಓದುವುದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಹತ್ತಿರದ ಉದಾಹರಣೆ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ. 2023ರ ಆಗಸ್ಟ್ 11ರಂದು ಮಂಡನೆಯಾದ ಮೊದಲ ಮಸೂದೆಯ 111ನೇ ಖಂಡದಲ್ಲಿ ಭಯೋತ್ಪಾದಕ ಕೃತ್ಯದ ವ್ಯಾಖ್ಯಾನವಿತ್ತು. ಸಾರ್ವಜನಿಕ ಸುವ್ಯವಸ್ಥೆಯನ್ನು ಕದಡುವ ಉದ್ದೇಶವೂ ಅದರೊಳಗೆ ಸೇರಿತ್ತು. ಈ ಪದಗಳು ಎಷ್ಟು ದೂರ ಚಾಚಿಕೊಳ್ಳಬಲ್ಲವು ಎಂಬುದನ್ನು ಪ್ರತಿಭಟನೆ, ಬಂದ್‌ಗಳನ್ನು ಕಂಡಿರುವ ಯಾರಾದರೂ ಊಹಿಸಬಹುದು. ಮಸೂದೆ ಗೃಹ ವ್ಯವಹಾರಗಳ ಸಮಿತಿಗೆ ಹೋಯಿತು. ಸಮಿತಿ ನವೆಂಬರ್‌ನಲ್ಲಿ ವರದಿ ಕೊಟ್ಟಿತು, ಹಲವು ವಿರೋಧ ಪಕ್ಷಗಳ ಸದಸ್ಯರು ಭಿನ್ನಮತ ಟಿಪ್ಪಣಿ ಲಗತ್ತಿಸಿದರು. ಸರ್ಕಾರ ಮೊದಲ ಮಸೂದೆಯನ್ನು ಹಿಂಪಡೆದು ಡಿಸೆಂಬರ್ 12ರಂದು ಹೊಸದನ್ನು ತಂದಿತು. ಅದರ 113ನೇ ಖಂಡದಲ್ಲಿ ವ್ಯಾಖ್ಯಾನವು ಯುಎಪಿಎಯ 15ನೇ ಕಲಮಿಗೆ ಹತ್ತಿರವಾಗಿತ್ತು, ಸಾರ್ವಜನಿಕ ಸುವ್ಯವಸ್ಥೆಯ ಮಾತು ಇರಲಿಲ್ಲ. ಒಂದು ವಿವರಣೆ ಮಾತ್ರ ಹೊಸದಾಗಿ ಸೇರಿತ್ತು: ಪ್ರಕರಣವನ್ನು ಯುಎಪಿಎ ಅಡಿ ದಾಖಲಿಸಬೇಕೋ ಸಂಹಿತೆಯ ಈ ಕಲಮಿನಡಿ ದಾಖಲಿಸಬೇಕೋ ಎಂಬುದನ್ನು ಪೊಲೀಸ್ ವರಿಷ್ಠಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ ತೀರ್ಮಾನಿಸುತ್ತಾರೆ.

ಈ ಆಯ್ಕೆ ಸಣ್ಣದಲ್ಲ. ಯುಎಪಿಎ ಅಡಿ ವಿಚಾರಣೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು, ಅನುಮತಿಗೆ ಮೊದಲು ಸಾಕ್ಷ್ಯವನ್ನು ಸ್ವತಂತ್ರವಾಗಿ ಪರಿಶೀಲಿಸುವ ಪ್ರಾಧಿಕಾರವೊಂದರ ವರದಿ ಬೇಕು ಎಂದು ಅದರ 45ನೇ ಕಲಮು ಹೇಳುತ್ತದೆ. ಹಾಗಿರುವಾಗ ಎರಡು ದಾರಿಗಳ ನಡುವೆ ಆಯ್ಕೆಯನ್ನು ಯಾವ ಮಾನದಂಡದಿಂದ ಮಾಡಬೇಕು ಎಂಬ ಪ್ರಶ್ನೆಯನ್ನು ಸದನದಲ್ಲಿ ಕೂಲಂಕಷವಾಗಿ ಚರ್ಚಿಸಬೇಕಿತ್ತು ಎಂದು ನಾನು ನಂಬಿದ್ದೇನೆ. ಆದರೆ ಡಿಸೆಂಬರ್ 20 ಮತ್ತು 21ರಂದು ಎರಡೂ ಸದನಗಳು ಮಸೂದೆಯನ್ನು ಅಂಗೀಕರಿಸಿದಾಗ, ಆ ಅಧಿವೇಶನದಲ್ಲಿ ಅಮಾನತುಗೊಂಡಿದ್ದ ವಿರೋಧ ಪಕ್ಷಗಳ ಸಂಸದರ ಸಂಖ್ಯೆ 146ಕ್ಕೆ ಏರಿತ್ತು. ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ.

ಪ್ರಶ್ನೆಗಳು ಮತ್ತು ಅವುಗಳ ಉತ್ತರಗಳು

ಅಧಿವೇಶನ ನಡೆಯುವಾಗ ಗೃಹ ಸಚಿವಾಲಯ ಸಾಮಾನ್ಯವಾಗಿ ಲೋಕಸಭೆಯಲ್ಲಿ ಮಂಗಳವಾರ, ರಾಜ್ಯಸಭೆಯಲ್ಲಿ ಬುಧವಾರ ಉತ್ತರಿಸುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ನಿಂತು ಉತ್ತರಿಸಬೇಕು, ಸದಸ್ಯರು ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಒಂದು ದಿನಕ್ಕೆ ಲೋಕಸಭೆಯಲ್ಲಿ 20 ಚುಕ್ಕೆ ಗುರುತಿನ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿರುತ್ತವೆ. ರಾಜ್ಯಸಭೆಯಲ್ಲಿ ಅವು ಕ್ರಮವಾಗಿ 15 ಮತ್ತು 160. ಸಂಸತ್ತಿನ ಜಾಲತಾಣದಲ್ಲಿ ಸಚಿವಾಲಯದ ಹೆಸರನ್ನೂ ಯುಎಪಿಎ, ಎನ್‌ಐಎ ಮೊದಲಾದ ಪದಗಳನ್ನೂ ಕೊಟ್ಟು ಹುಡುಕಿದರೆ ವರ್ಷಗಳ ಹಿಂದಿನ ಉತ್ತರಗಳೂ ದೊರೆಯುತ್ತವೆ. ಅಂಕಿಅಂಶಗಳೂ ಕೋಷ್ಟಕಗಳೂ ಹೆಚ್ಚಾಗಿ ಇರುವುದು ಲಿಖಿತ ಉತ್ತರಗಳ ಅನುಬಂಧದಲ್ಲಿ. ಅನುಬಂಧವನ್ನು ತೆರೆಯದೆ ಉತ್ತರ ಓದಿದೆನೆನ್ನಬೇಡಿ.

ಅಂಕಿಗಳನ್ನು ಓದುವಾಗ ಬಹಳ ಎಚ್ಚರ ಬೇಕು. 2021ರ ಫೆಬ್ರುವರಿಯಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರವೊಂದರ ಪ್ರಕಾರ 2016ರಿಂದ 2019ರವರೆಗೆ ಯುಎಪಿಎ ಅಡಿ ಬಂಧಿತರಾದವರು 5,922 ಮಂದಿ, ಶಿಕ್ಷೆಗೊಳಗಾದವರು 132 ಮಂದಿ. ಮೊದಲ ಸಂಖ್ಯೆಯಿಂದ ಎರಡನೆಯದನ್ನು ಭಾಗಿಸಿ ಶಿಕ್ಷೆಯ ಪ್ರಮಾಣ ಶೇಕಡಾ 2.2 ಎಂದು ಹಲವರು ಬರೆದರು. ಆ ಲೆಕ್ಕ ಸರಿಯಲ್ಲ, ಏಕೆಂದರೆ ಆ ನಾಲ್ಕು ವರ್ಷಗಳಲ್ಲಿ ಶಿಕ್ಷೆಯಾದವರಲ್ಲಿ ಎಷ್ಟೋ ಮಂದಿ ಅದಕ್ಕೂ ಹಿಂದೆ ಬಂಧಿತರಾದವರಿರಬಹುದು, ಬಂಧಿತರಲ್ಲಿ ಬಹುಪಾಲು ಮಂದಿಯ ವಿಚಾರಣೆ ಇನ್ನೂ ಮುಗಿದಿರಲಿಕ್ಕಿಲ್ಲ. ಇದಕ್ಕೆ ಪ್ರತಿಯಾಗಿ, ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಮಾತ್ರ ಶಿಕ್ಷೆಯ ಪ್ರಮಾಣ ಹೇಳಿ ತೃಪ್ತಿಪಡುವುದೂ ಅರ್ಧಸತ್ಯವೇ, ಏಕೆಂದರೆ ಜಾಮೀನು ಕಷ್ಟವಾಗಿರುವ ಕಾನೂನಿನಡಿ ವಿಚಾರಣೆಯೇ ಆರಂಭವಾಗದೆ ಜೈಲಿನಲ್ಲಿ ಕಳೆದ ವರ್ಷಗಳು ಆ ಲೆಕ್ಕದೊಳಗೆ ಬರುವುದಿಲ್ಲ. ಒಂದು ನಿರ್ದಿಷ್ಟ ವರ್ಷದಲ್ಲಿ ಬಂಧಿತರಾದವರಲ್ಲಿ ಇಂದಿಗೆ ಎಷ್ಟು ಮಂದಿ ವಿಚಾರಣಾಧೀನ ಕೈದಿಗಳಾಗಿದ್ದಾರೆ, ಎಷ್ಟು ಮಂದಿಗೆ ಜಾಮೀನು ಸಿಕ್ಕಿದೆ, ಎಷ್ಟು ಮಂದಿ ಖುಲಾಸೆಯಾಗಿದ್ದಾರೆ ಎಂದು ಕೇಳಿದರೆ ಮಾತ್ರ ಚಿತ್ರ ತಿಳಿಯಾಗುತ್ತದೆ. ಹೀಗೆ ಕೇಳಿದ ಪ್ರಶ್ನೆ ಅಪರೂಪ.

ಉತ್ತರಗಳಲ್ಲಿ ಪದೇ ಪದೇ ಬರುವ ಕೆಲವು ವಾಕ್ಯಗಳನ್ನು ಗುರುತಿಸಲು ಕಲಿಯಿರಿ. ಸಂವಿಧಾನದ ಏಳನೇ ಅನುಸೂಚಿಯಂತೆ ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯಗಳ ವಿಷಯ ಎಂಬುದು ಒಂದು. ರಾಜ್ಯ ಪೊಲೀಸರ ಪ್ರಕರಣಗಳ ಮಟ್ಟಿಗೆ ಅದು ಸರಿಯಾದ ಉತ್ತರ. ಎನ್‌ಐಎ ಕೈಗೆತ್ತಿಕೊಂಡ ಪ್ರಕರಣಗಳ ಮಟ್ಟಿಗೆ ಅಲ್ಲ. ಕೇಳಿದ ಬಗೆಯ ದತ್ತಾಂಶವನ್ನು ಪ್ರತ್ಯೇಕವಾಗಿ ನಿರ್ವಹಿಸಲಾಗುತ್ತಿಲ್ಲ ಎಂಬುದು ಇನ್ನೊಂದು. ಇದನ್ನು ಉತ್ತರವಿಲ್ಲವೆಂದು ಬದಿಗಿಡಬೇಡಿ: ಸರ್ಕಾರ ಯಾವುದನ್ನು ಎಣಿಸುತ್ತಿಲ್ಲ ಎಂಬುದೂ ನೀತಿಯ ಬಗೆಗಿನ ಮಾಹಿತಿಯೇ. ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು ಎಂಬ ವಾಕ್ಯ ಬಂದರೆ ದಿನಾಂಕವನ್ನು ಗುರುತು ಹಾಕಿಕೊಳ್ಳಿ, ಅದು ಸಂಸದೀಯ ಪದ್ಧತಿಯಲ್ಲಿ ಭರವಸೆ ಎನಿಸಿಕೊಳ್ಳುತ್ತದೆ. ಅಂತಹ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೋ ಇಲ್ಲವೋ ಎಂದು ನೋಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿಗಳಿವೆ.

ಸಮಿತಿಯ ಕೋಣೆಯಲ್ಲಿ ನಡೆಯುವುದು

ಇಲಾಖಾವಾರು ಸ್ಥಾಯಿ ಸಮಿತಿಗಳ ವ್ಯವಸ್ಥೆ 1993ರಿಂದ ಇದೆ. ಗೃಹ ವ್ಯವಹಾರಗಳ ಸಮಿತಿಯಲ್ಲಿ 31 ಸದಸ್ಯರು, ಲೋಕಸಭೆಯ 21 ಮತ್ತು ರಾಜ್ಯಸಭೆಯ 10. ಇದರ ಆಡಳಿತ ರಾಜ್ಯಸಭಾ ಸಚಿವಾಲಯದ್ದು, ಆದ್ದರಿಂದ ವರದಿಗಳನ್ನು ರಾಜ್ಯಸಭೆಯ ವಿಭಾಗದಲ್ಲಿ ಹುಡುಕಬೇಕು. ಸಭೆಗಳು ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತವೆ. ಇದರಿಂದ ಪಾರದರ್ಶಕತೆಗೆ ನಷ್ಟವಿದೆ. ಆದರೆ ಕ್ಯಾಮೆರಾ ಇಲ್ಲದ ಕಡೆ ಸದಸ್ಯರು ಪಕ್ಷದ ಗೆರೆಯನ್ನು ಅಷ್ಟಾಗಿ ಲೆಕ್ಕಿಸದೆ ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ ಎಂಬುದು ವರದಿಗಳ ಧಾಟಿಯಲ್ಲಿಯೇ ಕಾಣುತ್ತದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ನಡೆದ ಮೇಲೆ ಈ ಸಮಿತಿ ಸ್ಥಳಕ್ಕೆ ಹೋಗಿ ಬಂದು, ಮೇ ತಿಂಗಳಲ್ಲಿ ಮಂಡಿಸಿದ ವರದಿಯಲ್ಲಿ, ಮುನ್ನೆಚ್ಚರಿಕೆ ಸಿಕ್ಕಿದ್ದರೂ ಭದ್ರತಾ ಸಂಸ್ಥೆಗಳು ಸಜ್ಜಾಗಿರಲಿಲ್ಲ, ಆವರಣ ಗೋಡೆಯ ಕಾವಲು ಸಾಲದಾಗಿತ್ತು, ಗೋಡೆಯುದ್ದಕ್ಕೂ ಗಸ್ತಿಗೆ ರಸ್ತೆಯೇ ಇರಲಿಲ್ಲ ಎಂದು ನೇರವಾಗಿ ಬರೆಯಿತು. ಸದನದ ಭಾಷಣಗಳಲ್ಲಿ ಇಷ್ಟು ನಿರ್ದಿಷ್ಟವಾದ ಟೀಕೆ ಸಿಗುವುದು ಕಡಿಮೆ. ದೊಡ್ಡ ದಾಳಿಯ ನಂತರದ ವಿಶೇಷ ಚರ್ಚೆಗಳು, ಉದಾಹರಣೆಗೆ ಪಹಲ್ಗಾಮ್ ದಾಳಿ ಮತ್ತು ಆಪರೇಷನ್ ಸಿಂಧೂರದ ಬಗ್ಗೆ 2025ರ ಜುಲೈ 28ರಿಂದ ನಡೆದ ಚರ್ಚೆ, ರಾಜಕೀಯ ನಿಲುವುಗಳನ್ನು ತಿಳಿಯಲು ಉಪಯುಕ್ತ. ಲೋಪ ಎಲ್ಲಾಯಿತು ಎಂದು ತಿಳಿಯಲು ಸಮಿತಿಯ ವರದಿಗೆ ಕಾಯುವುದು ಒಳಿತು.

ಪ್ರತಿ ವರ್ಷ ಬಜೆಟ್ ಮಂಡನೆಯ ಬಳಿಕ ಸಮಿತಿ ಗೃಹ ಸಚಿವಾಲಯದ ಅನುದಾನ ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತದೆ. ಕೊಟ್ಟ ಹಣ ಖರ್ಚಾಯಿತೇ, ಖಾಲಿ ಹುದ್ದೆಗಳೆಷ್ಟು, ಯೋಜನೆಗಳು ಏಕೆ ತಡವಾದವು ಎಂಬುದೆಲ್ಲ ಅದರಲ್ಲಿರುತ್ತದೆ. ಆ ವರದಿಗಿಂತಲೂ ಮುಖ್ಯವಾದದ್ದು ನಂತರ ಬರುವ ಕ್ರಮ ಕೈಗೊಂಡ ವರದಿ. ಸಮಿತಿಯ ಶಿಫಾರಸುಗಳಿಗೆ ಸರ್ಕಾರದ ಪ್ರತಿಕ್ರಿಯೆಯನ್ನು ಅದು ಅಧ್ಯಾಯಗಳಾಗಿ ವಿಂಗಡಿಸುತ್ತದೆ: ಸರ್ಕಾರ ಒಪ್ಪಿದ ಶಿಫಾರಸುಗಳು, ಸಮಿತಿ ಮುಂದುವರಿಸಲು ಬಯಸದವು, ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದಿರುವವು, ಅಂತಿಮ ಉತ್ತರ ಬಾರದಿರುವವು. ಸಮಯ ಕಡಿಮೆಯಿದ್ದರೆ ಕೊನೆಯ ಎರಡು ಅಧ್ಯಾಯಗಳನ್ನು ಮಾತ್ರ ಓದಿ. ಸರ್ಕಾರಕ್ಕೂ ಸಮಿತಿಗೂ ನಿಜವಾದ ಭಿನ್ನಾಭಿಪ್ರಾಯ ಎಲ್ಲಿದೆ ಎಂಬುದು ಅಲ್ಲಿಯೇ ಇದೆ. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಒಪ್ಪದಿದ್ದರೆ ಕಾರಣ ಬರೆದು ಕೊಡಬೇಕಾಗುತ್ತದೆ, ಅಷ್ಟೆ.

ಸಂಸತ್ತಿನ ಕೈ ತಲುಪದ ಜಾಗಗಳೂ ಇವೆ. ಇಂಟೆಲಿಜೆನ್ಸ್ ಬ್ಯೂರೋ ಮತ್ತು ರಾ ಎಂಬ ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡಲು ಕಾನೂನಿನಿಂದ ರಚಿತವಾದ ಸಂಸದೀಯ ಸಮಿತಿ ನಮ್ಮಲ್ಲಿಲ್ಲ. ಅಂತಹ ವ್ಯವಸ್ಥೆ ಬೇಕೆಂದು ಸಂಸದ ಮನೀಶ್ ತಿವಾರಿ 2011ರಲ್ಲಿ ಖಾಸಗಿ ಸದಸ್ಯರ ಮಸೂದೆ ತಂದಿದ್ದರು, ಅದು ಕಾಯ್ದೆಯಾಗಲಿಲ್ಲ. ಈ ಎರಡು ಸಂಸ್ಥೆಗಳೂ, 2011ರಿಂದ ಎನ್‌ಐಎ ಕೂಡ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ, ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯ ಹೊರಗಿವೆ. ಹಾಗಾಗಿ ಎನ್‌ಐಎ ವಿಷಯದಲ್ಲಿ ಸಂಸತ್ತಿನ ಪ್ರಶ್ನೆಯ ಬೆಲೆ ಇನ್ನೂ ಹೆಚ್ಚು. ಬ್ರಿಟನ್‌ನಲ್ಲಿ ಭಯೋತ್ಪಾದನೆ ಕಾನೂನುಗಳ ಬಳಕೆಯನ್ನು ವರ್ಷವರ್ಷವೂ ಪರಿಶೀಲಿಸಿ ಸಂಸತ್ತಿಗೆ ವರದಿ ಕೊಡುವ ಸ್ವತಂತ್ರ ಪರಿಶೀಲಕರಿದ್ದಾರೆ. ಆರೋಪ ಹೊರಿಸದೆ 90 ದಿನ ಬಂಧನದಲ್ಲಿಡುವ ಸರ್ಕಾರದ ಪ್ರಸ್ತಾವವನ್ನು ಅಲ್ಲಿನ ಕೆಳಮನೆ 2005ರ ನವೆಂಬರ್‌ನಲ್ಲಿ 322-291 ಮತಗಳಿಂದ ಸೋಲಿಸಿತ್ತು, ಆಡಳಿತ ಪಕ್ಷದ ಸದಸ್ಯರೂ ಎದುರು ಮತ ಹಾಕಿದ್ದರಿಂದ. ಅಲ್ಲಿನ ಬಂಧನದ ನಿಯಮಗಳು ನಮ್ಮವಕ್ಕಿಂತ ಬೇರೆ, ದಿನಗಳನ್ನು ನೇರವಾಗಿ ಹೋಲಿಸಲಾಗದು. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾನೂನು ಇರುವುದರಿಂದ ಪಕ್ಷದ ಸಚೇತಕಾಜ್ಞೆಯನ್ನು (ವಿಪ್) ಮೀರಿ ಹಾಗೆ ಮತ ಹಾಕಿದ ಸದಸ್ಯರು ಸ್ಥಾನ ಕಳೆದುಕೊಳ್ಳುವ ಅಪಾಯವಿದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನಿಮ್ಮ ಸಂಸದರಿಗೆ ಬರೆಯುವಾಗ

ಇಷ್ಟು ಓದಿದ ಮೇಲೆ ಮುಂದಿನ ಹೆಜ್ಜೆ ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಅಥವಾ ರಾಜ್ಯದ ರಾಜ್ಯಸಭಾ ಸದಸ್ಯರೊಬ್ಬರಿಗೆ ಪತ್ರ. ಪ್ರಶ್ನೆಗೆ ಕನಿಷ್ಠ 15 ದಿನಗಳ ಮುಂಚಿತ ಸೂಚನೆ ಬೇಕಾದ್ದರಿಂದಲೂ ಬಂದ ಸೂಚನೆಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುವುದರಿಂದಲೂ, ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಬರೆಯುವುದು ಒಳ್ಳೆಯದು. ನ್ಯಾಯಾಲಯದಲ್ಲಿರುವ ಪ್ರಕರಣದ ಬಗ್ಗೆ ಕೇಳಿದರೆ, ವಾದ ಹೂಡಿದರೆ, ಒಂದೇ ಪ್ರಶ್ನೆಯಲ್ಲಿ ಹಲವು ವಿಷಯ ತುಂಬಿದರೆ ಸದನದ ಸಚಿವಾಲಯದ ಹಂತದಲ್ಲಿಯೇ ಪ್ರಶ್ನೆ ಬಿದ್ದುಹೋಗುತ್ತದೆ. ಬದಲಿಗೆ ಹೀಗೆ ಬರೆಯಬಹುದು: ಕಳೆದ ಐದು ವರ್ಷಗಳಲ್ಲಿ ಯುಎಪಿಎ 45ನೇ ಕಲಮಿನಡಿ ಕೇಂದ್ರ ಸರ್ಕಾರದ ಅನುಮತಿಗೆ ಬಂದ ಎನ್‌ಐಎ ಪ್ರಕರಣಗಳೆಷ್ಟು, ಪರಿಶೀಲನಾ ಪ್ರಾಧಿಕಾರವು ಅನುಮತಿ ನೀಡಬಾರದೆಂದು ಶಿಫಾರಸು ಮಾಡಿದ ಪ್ರಕರಣಗಳೆಷ್ಟು, ಅವುಗಳಲ್ಲಿ ಸರ್ಕಾರ ಶಿಫಾರಸನ್ನು ಒಪ್ಪಿದ್ದೆಷ್ಟರಲ್ಲಿ. ಕೇಳಿದ್ದು ಮೂರು ಸಂಖ್ಯೆಗಳನ್ನು, ಅವೆಲ್ಲ ಕಾನೂನಿನ ಒಂದೇ ಕಲಮಿನ ಮೇಲೆ. ಯಾವ ರಹಸ್ಯವೂ ಇದರಲ್ಲಿ ಬಯಲಾಗುವುದಿಲ್ಲ, ಆದರೆ ಸ್ವತಂತ್ರ ಪರಿಶೀಲನೆ ಎಂದು ಕಾಯ್ದೆ ಹೇಳುವುದು ನಡೆಯುತ್ತಿದೆಯೇ ಎಂಬುದು ತಿಳಿಯುತ್ತದೆ.

ಪತ್ರದ ಜೊತೆ ಹಳೆಯ ಉತ್ತರವೊಂದರ ಪ್ರಶ್ನೆ ಸಂಖ್ಯೆ ಮತ್ತು ದಿನಾಂಕವನ್ನು ಕೊಟ್ಟರೆ ಸಂಸದರ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಅನುಕೂಲ. ಅವರೂ ಅದೇ ಜಾಡು ಹಿಡಿಯಬಹುದು. ಸಮಿತಿಯ ಮುಂದೆ ಹೊಸ ಮಸೂದೆ ಬಂದು ಸಾರ್ವಜನಿಕರಿಂದ ಅಭಿಪ್ರಾಯ ಕೇಳಿ ಪತ್ರಿಕಾ ಪ್ರಕಟಣೆ ಹೊರಟರೆ, ಅಲ್ಲಿಗೂ ಕಲಮಿನ ಸಂಖ್ಯೆ, ಆಕ್ಷೇಪ, ಬದಲಿ ಪದರಚನೆ, ಇಷ್ಟನ್ನು ಒಂದೆರಡು ಪುಟಗಳಲ್ಲಿ ಕಳುಹಿಸಿ. ಉತ್ತರ ಬಂದ ದಿನ ಅದನ್ನು ನಿಮ್ಮ ಕಡತದಲ್ಲಿ ಇಟ್ಟುಕೊಂಡು, ಭರವಸೆಯ ವಾಕ್ಯವಿದ್ದರೆ ಮೂರು ತಿಂಗಳ ಮುಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ದಿನ ಭರವಸೆಗಳ ಸಮಿತಿಯ ಪಟ್ಟಿಯನ್ನು ತೆರೆದು ನೋಡಿ. ಈಡೇರದಿದ್ದರೆ ಅದೇ ಪ್ರಶ್ನೆಯನ್ನು ಹಳೆಯ ಸಂಖ್ಯೆಯೊಂದಿಗೆ ಮುಂದಿನ ಅಧಿವೇಶನಕ್ಕೆ ಮತ್ತೆ ಕಳುಹಿಸಿ.